ಅಜ್ಜಿಯ ಮೂಗುತಿ ಜೋಪಾನ!

ಪ್ರಶ್ನೆ: ಅಜ್ಜ-ಅಜ್ಜಿಯ ಮದುವೆಯ ಕಪ್ಪು-ಬಿಳುಪು ಫೋಟೊ ಟ್ರಂಕಿನಲ್ಲಿ ಸಿಕ್ಕಿತು. ಮಡಚಿದ ಗೆರೆ ಅಜ್ಜಿಯ ಕೆನ್ನೆ ಮೇಲೇ ಹಾದಿದೆ. ಕಂಪ್ಯೂಟರ್‌ನಲ್ಲಿ ನಾನೇ ಸರಿಮಾಡಬಹುದಾ? ನನಗಿದು ಹೊಸದು.
– ಓದುಗರು, ಶಿರಸಿ

ಉತ್ತರ: ಧಾರಾಳವಾಗಿ. ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ, ಮೇಲಿನ ಪದರವೇ ಎದ್ದು ಬಂದೀತು. ಮೆತ್ತನೆ ಬ್ರಷ್‌ನಿಂದ ದೂಳು ತೆಗೆದು, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಗುಣಮಟ್ಟ ಕುಂದದ ಟಿಫ್ ಫೈಲಾಗಿ ಇಟ್ಟುಕೊಳ್ಳಿ. ಕಲರ್ ಸ್ಕ್ಯಾನೇ ಇರಲಿ. ಹಳದಿ ಕಲೆಗಳು ಬೇಗ ಗುರುತು ಸಿಗುತ್ತವೆ.

ಫೋಟೊ ತಿದ್ದುವ ಗಿಂಪ್ ತಂತ್ರಾಂಶ ಉಚಿತ, ಅದೇ ಸಾಕು. ಲೇಯರ್ (ಚಿತ್ರದ ಪದರ) ನಕಲು ಮಾಡಿ ಆ ನಕಲಿನ ಮೇಲೆ ಕೆಲಸ ಮಾಡಿ. ಸಣ್ಣ ಚುಕ್ಕೆಗಳಿಗೆ ಹೀಲ್ ಟೂಲ್, ಅದು ಕಲೆಯನ್ನು ಸುತ್ತಲಿನ ಬಣ್ಣಕ್ಕೆ ಬೆರೆಸಿ ಮುಚ್ಚುತ್ತದೆ. ಆದರೆ ಗೆರೆ ಕೆನ್ನೆಯ ಅಂಚು ದಾಟುವಲ್ಲಿ ಹೀಲ್ ಬಳಸಿದರೆ ಹಿನ್ನೆಲೆಯ ಕಪ್ಪು ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಅಲ್ಲಿ ಒಂದು ಜಾಗವನ್ನು ಇದ್ದಂತೆಯೇ ಇನ್ನೊಂದೆಡೆ ನಕಲಿಸುವ ಕ್ಲೋನ್ ಟೂಲ್ ಹಿಡಿಯಿರಿ, ಬ್ರಷ್ ಗೆರೆಗಿಂತ ಚೂರೇ ದಪ್ಪ ಇರಲಿ. ಪಕ್ಕದ ಚರ್ಮದಿಂದಲೇ ಮಾದರಿ ತೆಗೆದುಕೊಳ್ಳಿ, ಜಾಗ ಬದಲಿಸುತ್ತಿರಿ. ಇಲ್ಲದಿದ್ದರೆ ಒಂದೇ ಮಚ್ಚೆ ಸಾಲಾಗಿ ಮೂಡುತ್ತದೆ!

ಒಂದೇ ಕ್ಲಿಕ್ಕಿನಲ್ಲಿ ಮುಖ ತಿದ್ದುವ ಎಐ ಆ್ಯಪ್‌ಗಳ ಮೇಲೆ ನನಗೆ ನಂಬಿಕೆ ಅಷ್ಟಕ್ಕಷ್ಟೇ. ಚರ್ಮ ಬೆಣ್ಣೆ ಸವರಿದಂತೆ ನುಣುಪಾಗುತ್ತದೆ, ಕಣ್ಣು ಇನ್ಯಾರದೋ ಆಗುತ್ತದೆ. ಮೂಗುತಿಯನ್ನೇ ಕಲೆ ಅಂತ ಅಳಿಸಿಬಿಟ್ಟರೆ ಕಷ್ಟ ಅಲ್ವಾ? ಮೊದಲು ಹಿಂದಿನ ಗೋಡೆ, ಪರದೆ ಸರಿಮಾಡಿ. ಕೈ ಕುದುರಿದ ಮೇಲೆ ಮುಖಕ್ಕೆ ಬನ್ನಿ.