ಸೆಸ್ನಾ 172: ಎಡ ಟ್ಯಾಂಕ್ ಯಾಕೆ ಮೊದಲು ಖಾಲಿ?

ಎರಡು ರೆಕ್ಕೆಗಳ ಟ್ಯಾಂಕ್‌ಗಳಲ್ಲಿ ಯಾವುದರಿಂದ ಇಂಧನ ಬರಬೇಕೆಂದು ಆರಿಸುವ ಸೆಲೆಕ್ಟರ್ ‘ಬೋತ್’ (ಎರಡೂ) ಜಾಗದಲ್ಲಿದ್ದರೂ ನಿಮ್ಮ ಪುಟ್ಟ ವಿಮಾನ 172ಎನ್‌ನ ಎಡ ಟ್ಯಾಂಕ್ ಬೇಗ ಇಳಿಯುತ್ತಿದೆ ಅಂದಿರಿ. ಸ್ವಲ್ಪ ವ್ಯತ್ಯಾಸ ಸಹಜವೇ. ಇದರಲ್ಲಿ ಇಂಧನ ಪಂಪ್ ಇಲ್ಲ, ಎಲ್ಲ ಗುರುತ್ವಾಕರ್ಷಣೆಯದೇ ಕೆಲಸ. ಹಾಗಾಗಿ ಟ್ಯಾಂಕ್‌ನೊಳಗಿನ ಗಾಳಿಯ ಒತ್ತಡ ಚೂರು ಬದಲಾದರೂ ಹರಿವು ಬದಲಾಗುತ್ತದೆ. ವೆಂಟ್, ಅಂದರೆ ಟ್ಯಾಂಕ್‌ಗೆ ಗಾಳಿ ಬಿಡುವ ಕೊಳವೆ, ಇರುವುದು ಎಡ ರೆಕ್ಕೆಯಡಿ, ಸ್ಟ್ರಟ್‌ನ (ರೆಕ್ಕೆಗೆ ಆಸರೆ ಕೊಡುವ ಓರೆ ಕಂಬದ) ಹಿಂದೆ. ಬಲ ಟ್ಯಾಂಕ್‌ಗೆ ಆ ಗಾಳಿ ಅಡ್ಡ ಕೊಳವೆ ದಾಟಿಯೇ ಬರಬೇಕು. ಅದರಲ್ಲಿ ಪೆಟ್ರೋಲ್ ನಿಂತರೆ ಇನ್ನೂ ತಡ.

ಮೊದಲು ಬಾಲ್ ನೋಡಿ, ಅಂದರೆ ವಿಮಾನ ಪಕ್ಕಕ್ಕೆ ಜಾರುತ್ತಿದೆಯಾ ಎಂದು ತೋರಿಸುವ ಉಪಕರಣದ ಗುಂಡು. ಒಂದು ರೆಕ್ಕೆ ಬಾಗಿಸಿಕೊಂಡೇ ಹಾರುತ್ತಿದ್ದರೆ ಬೇರೆ ಕಾರಣ ಹುಡುಕುವುದೇ ಬೇಡ. ಆಮೇಲೆ ವೆಂಟ್ ಕೊಳವೆ: ಸ್ಟ್ರಟ್‌ಗೆ ಹೋಲಿಸಿದರೆ ಅದರ ತುದಿ ಮ್ಯಾನ್ಯುಯಲ್ ಹೇಳಿದ ಜಾಗದಲ್ಲೇ ಇರಬೇಕು. ಯಾರಾದರೂ ತಲೆ ತಾಗಿಸಿ ಬಗ್ಗಿಸಿದರೂ ಒತ್ತಡ ಏರುಪೇರು. ಕಣಜ ಮಣ್ಣಿನ ಗೂಡು ಕಟ್ಟಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಪೂರ್ತಿ ಮುಚ್ಚಿದರೆ ಎಂಜಿನ್ನೇ ನಿಲ್ಲಬಹುದು. ಬಲ ಟ್ಯಾಂಕ್‌ಗೆ ವೆಂಟ್ ಇರುವ ಮುಚ್ಚಳ ಇದ್ದರೆ ಅದರ ಸೀಲ್ ಕೂಡ ಪರೀಕ್ಷಿಸಿ.

ಇಳಿಜಾರಿನಲ್ಲಿ ನಿಲ್ಲಿಸುವಾಗ ಸೆಲೆಕ್ಟರ್ ‘ಲೆಫ್ಟ್’ ಅಥವಾ ‘ರೈಟ್’ಗೆ ತಿರುಗಿಸಿ, ಇಲ್ಲದಿದ್ದರೆ ಮೇಲಿರುವ ರೆಕ್ಕೆಯ ಇಂಧನ ಕೆಳಗಿನದಕ್ಕೆ ಹರಿದು ಹೊರಗೆ ಚೆಲ್ಲುತ್ತದೆ. ಗೇಜ್ ನಂಬಬೇಡಿ, ಅಳತೆ ಕಡ್ಡಿ ಅದ್ದಿ ನೋಡಿ. ಸ್ಟ್ಯಾಂಡರ್ಡ್ ಟ್ಯಾಂಕ್‌ಗಳಲ್ಲಿ 43 ಗ್ಯಾಲನ್ ಹಿಡಿದರೂ ಬಳಕೆಗೆ ಸಿಗುವುದು 40 ಮಾತ್ರ.