ಅರ್ಧ ಚಾರ್ಜ್ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಟಾರ್ಚಿನ ಲಿಥಿಯಂ ಅಯಾನ್ ಸೆಲ್‌ಗಳನ್ನೂ ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿಯನ್ನೂ ಏಳೆಂಟು ತಿಂಗಳು ಬಳಸದೆ ಇಡಬೇಕಾಗಿದೆ. ಅರ್ಧದಷ್ಟು ಚಾರ್ಜ್ ಮಾಡಿ ಎತ್ತಿಡಬೇಕೆಂದು ಓದಿದ್ದೇನೆ. ನನ್ನ ಚಾರ್ಜರ್‌ನಲ್ಲಿ ಇರುವುದು ಕೆಂಪು, ಹಸಿರು ದೀಪಗಳು ಮಾತ್ರ. ಅರ್ಧವಾಗಿದೆಯೆಂದು ಅಳೆಯುವುದು ಹೇಗೆ?

ಉತ್ತರ: ನೀವು ಓದಿರುವುದು ಸರಿಯಾಗಿದೆ. ಪೂರ್ತಿ ಚಾರ್ಜ್ ಆದ ಸೆಲ್ಲನ್ನು ಹಾಗೆಯೇ ಇಟ್ಟರೆ, ಅದರಲ್ಲೂ ಬಿಸಿಯಿರುವ ಜಾಗದಲ್ಲಿ ಇಟ್ಟರೆ, ಒಳಗಿನ ರಾಸಾಯನಿಕ ಕ್ರಿಯೆಗಳು ಚುರುಕಾಗಿ ಅದರ ಸಾಮರ್ಥ್ಯ ಬೇಗ ಕುಗ್ಗುತ್ತದೆ. ಬರಿದಾದ ಸೆಲ್ಲನ್ನು ಇಟ್ಟರೆ ತಾನಾಗಿ ಸೋರುವ ಅಲ್ಪಸ್ವಲ್ಪ ವಿದ್ಯುತ್ತಿನಿಂದಲೇ ಅದು ಅಪಾಯದ ಮಟ್ಟಕ್ಕಿಂತ ಕೆಳಗಿಳಿಯಬಹುದು.

ಅಳೆಯಲು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಅದನ್ನು ಡಿಸಿ 20 ವೋಲ್ಟ್ ಶ್ರೇಣಿಗೆ ತಿರುಗಿಸಿ, ಕೆಂಪು ತಂತಿ ವೋಲ್ಟೇಜ್ ತೂತಿನಲ್ಲಿಯೇ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಹಿಂದೆ ಕರೆಂಟ್ ಅಳೆದವರು ಅದನ್ನು 10 ಆಂಪಿಯರ್ ತೂತಿನಲ್ಲೇ ಬಿಟ್ಟಿದ್ದರೆ, ಸೆಲ್ಲಿಗೆ ಮುಟ್ಟಿಸಿದೊಡನೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ತೋರಿಸುತ್ತದೆ. 3 ವೋಲ್ಟ್ ಸುಮಾರಿಗೆ ಅದು ಖಾಲಿಯಾಯಿತೆಂದೇ ಲೆಕ್ಕ. ಎತ್ತಿಡಲು 3.7ರಿಂದ 3.85 ವೋಲ್ಟ್ ಒಳಗೆ ಎಲ್ಲಿದ್ದರೂ ಆದೀತು. ಈ ವಿಷಯದಲ್ಲಿ ದಶಾಂಶಗಳ ಬೆನ್ನು ಹತ್ತುವ ಅಗತ್ಯ ಖಂಡಿತ ಇಲ್ಲ. ಕ್ಯಾಮೆರಾ ಬ್ಯಾಟರಿಯ ಮೇಲೆ 7.2 ಅಥವಾ 7.4 ವೋಲ್ಟ್ ಎಂದು ಅಚ್ಚಾಗಿದ್ದರೆ ಒಳಗೆ ಎರಡು ಸೆಲ್‌ಗಳು ಸರಣಿಯಲ್ಲಿವೆ ಎಂದರ್ಥ. ಆಗ ಈ ಅಂಕಿಗಳನ್ನು ಇಮ್ಮಡಿ ಮಾಡಿಕೊಳ್ಳಿ.

ಹೆಚ್ಚಿನವರು ಎಡವುವುದು ಅಳೆಯುವ ಸಮಯದಲ್ಲಿ. ಚಾರ್ಜರ್‌ನಿಂದ ಆಗತಾನೆ ತೆಗೆದ ಸೆಲ್ ನಿಜಕ್ಕಿಂತ ಹೆಚ್ಚು ವೋಲ್ಟೇಜ್ ತೋರಿಸುತ್ತದೆ, ಟಾರ್ಚಿನಿಂದ ಆಗತಾನೆ ತೆಗೆದದ್ದು ಕಡಿಮೆ ತೋರಿಸುತ್ತದೆ. ಆದ್ದರಿಂದ ಒಂದೆರಡು ಗಂಟೆ ಸುಮ್ಮನೆ ಬಿಟ್ಟು, ಅಂಕಿ ಒಂದೆಡೆ ನಿಂತ ಮೇಲೆಯೇ ನಂಬಿ. ಹೆಚ್ಚಿದ್ದರೆ ಟಾರ್ಚನ್ನು ಸ್ವಲ್ಪ ಹೊತ್ತು ಉರಿಸಿ, ಮತ್ತೆ ಕಾದು ಅಳೆಯಿರಿ.

ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿಗೆ ಈ ಉಪಾಯ ನಡೆಯುವುದಿಲ್ಲ. ಅದರ ಮೇಲೆ 3.2 ವೋಲ್ಟ್ ಎಂದು ಬರೆದಿರುತ್ತದೆ. ಚಾರ್ಜಿನ ನಡುಭಾಗದ ಉದ್ದಕ್ಕೂ ವೋಲ್ಟೇಜ್ ಹೆಚ್ಚುಕಡಿಮೆ ಬದಲಾಗದ ಕಾರಣ ಅರ್ಧವನ್ನೂ ಮುಕ್ಕಾಲನ್ನೂ ಮೀಟರ್ ಬೇರ್ಪಡಿಸಿ ಹೇಳಲಾರದು. ಅದನ್ನು ಪೂರ್ತಿ ತುಂಬಿಸಿ, ಹೊರಬಂದ ಆಂಪಿಯರ್-ಗಂಟೆಗಳನ್ನು ಎಣಿಸುವ ಉಪಕರಣದಿಂದ ಅರ್ಧ ಖಾಲಿ ಮಾಡುವುದೇ ದಾರಿ. ಪವರ್ ಬ್ಯಾಂಕಿನ ಯುಎಸ್‌ಬಿ ಕಿಂಡಿಯಲ್ಲಿ ಅಳೆದೂ ಪ್ರಯೋಜನವಿಲ್ಲ, ಒಳಗಿನ ಪರಿವರ್ತಕ ಅಲ್ಲಿ 5 ವೋಲ್ಟನ್ನೇ ಕೊಡುತ್ತಿರುತ್ತದೆ. ಅದರ ಸೂಚಕ ದೀಪಗಳನ್ನೇ ನಂಬಬೇಕು.

ಅಳೆದ ವೋಲ್ಟೇಜನ್ನೂ ತಾರೀಕನ್ನೂ ಚೀಟಿಯಲ್ಲಿ ಬರೆದು ಸೆಲ್ಲಿಗೆ ಅಂಟಿಸಿ, ಉಪಕರಣದಿಂದ ಹೊರತೆಗೆದು ತಂಪಾದ ಒಣ ಜಾಗದಲ್ಲಿಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿ, 3.6 ವೋಲ್ಟಿಗಿಂತ ಕೆಳಗಿಳಿದಿದ್ದರೆ ಸ್ವಲ್ಪ ಚಾರ್ಜ್ ಮಾಡಿ. ಮೀಟರ್ ಸೊನ್ನೆ ತೋರಿಸಿದರೆ, ಸೆಲ್ ತೀರಾ ಬರಿದಾಗದಂತೆ ತಡೆಯುವ ಒಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿದಿರಬಹುದು. ಆದರೆ ರಕ್ಷಣಾ ಸರ್ಕ್ಯೂಟ್ ಇಲ್ಲದ ಸೆಲ್ 2 ವೋಲ್ಟಿಗಿಂತ ಕೆಳಗೆ ಹೋಗಿ ಬಹಳ ದಿನ ಬಿದ್ದಿದ್ದರೆ, ಒಳಗಿನ ತಾಮ್ರ ಕರಗಿ ಶಾರ್ಟ್ ಆಗುವ ಸಂಭವವಿರುವುದರಿಂದ, ಅದನ್ನು ಚಾರ್ಜರ್‌ಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.