ಕವಚವಿಲ್ಲದ ಸೈನಿಕರು

‘ಕಳೆದ ಸಂಚಿಕೆಯಲ್ಲಿ ಅಗಸ್ಟಸ್ ಚಕ್ರವರ್ತಿಯ ಬೆಳ್ಳಿ ನಾಣ್ಯದ ಚಿತ್ರದ ಕೆಳಗೆ “ಇಬ್ಬರು ರೋಮನ್ ಸೈನಿಕರು” ಎಂದು ಅಚ್ಚಾಗಿದೆ. ಮೈಗೆ ಕವಚವಿಲ್ಲ, ಕಾಲತನಕ ಬಟ್ಟೆ ಇಳಿಬಿದ್ದಿದೆ. ಇವರೆಂಥ ಸೈನಿಕರು? ಇಂಥ ನಾಣ್ಯ ಬೆಂಗಳೂರಿನ ಮಣ್ಣಲ್ಲಿ ಸಿಕ್ಕಿದ್ದಾದರೂ ಹೇಗೆ?’
— ತುಮಕೂರಿನ ಓದುಗರೊಬ್ಬರು

ತಪ್ಪು ನಮ್ಮದೇ ಸ್ವಾಮಿ. ನಾವು ಗುರಾಣಿ, ಈಟಿ ನೋಡಿದೆವು. ನೀವು ಬಟ್ಟೆ ನೋಡಿದಿರಿ. ಅದು ಟೋಗಾ, ರೋಮ್‌ನ ಪೌರರು ಸಭೆ ಸಮಾರಂಭಗಳಿಗೆ ಹೊದ್ದು ಹೋಗುತ್ತಿದ್ದ ಉಡುಪು. ನಿಂತಿರುವವರು ಗಾಯಸ್ ಮತ್ತು ಲೂಸಿಯಸ್. ಗಂಡುಮಕ್ಕಳಿಲ್ಲದ ಅಗಸ್ಟಸ್ ತನ್ನ ಮಗಳು ಜೂಲಿಯಾಳ ಈ ಇಬ್ಬರು ಮಕ್ಕಳನ್ನು ಕ್ರಿ.ಪೂ. 17ರಲ್ಲಿ ದತ್ತು ತೆಗೆದುಕೊಂಡ. ಗುರಾಣಿ, ಈಟಿಗಳೂ ರಣರಂಗದವಲ್ಲ. ಅಶ್ವಾರೋಹಿ ವರ್ಗದ ಗಣ್ಯರು ಈ ಹುಡುಗರನ್ನು ‘ಯುವಜನರ ನಾಯಕ’ರೆಂದು ಕೂಗಿ ಕಾಣಿಕೆ ಕೊಟ್ಟ ಬೆಳ್ಳಿಯ ಸಾಮಾನು.

ಭೂತಗನ್ನಡಿ ಇದ್ದರೆ ಇನ್ನೊಮ್ಮೆ ನೋಡಿ. ಗುರಾಣಿಗಳ ಮೇಲ್ಗಡೆ ಅಕ್ಕಿಕಾಳಿನಷ್ಟು ದೊಡ್ಡ ಎರಡು ಗುರುತುಗಳಿವೆ: ಒಂದು ಸೌಟು, ಒಂದು ಡೊಂಕು ಕೋಲು. ಸೌಟು ಪೂಜೆಯಲ್ಲಿ ದ್ರಾಕ್ಷಾರಸ ಎರೆಯಲು. ಗಾಯಸ್ ಅರ್ಚಕ ಮಂಡಲಿಯವನು. ಕೋಲು ಹಕ್ಕಿ ಹಾರಾಟ ನೋಡಿ ಶಕುನ ಹೇಳುವವರದು; ಲೂಸಿಯಸ್ ಆ ಮಂಡಲಿಗೆ ಸೇರಿದ್ದ. ಮುಂದಿನ ಪಟ್ಟ ಇವರಿಗೇ ಎಂದು ಊರೂರಿಗೆ ಸಾರಲು ಟಂಕಿಸಿದ ನಾಣ್ಯ ಇದು. ಆದರೆ ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ ಕ್ರಿ.ಶ. 4ರಲ್ಲಿ ತೀರಿಕೊಂಡರು. ಇಬ್ಬರಿಗೂ ಇಪ್ಪತ್ತೈದು ತುಂಬಿರಲಿಲ್ಲ. ಪಟ್ಟ ಹೋದದ್ದು ಮಲಮಗ ಟೈಬೀರಿಯಸ್‌ಗೆ. ಅವನ ಬೆಳ್ಳಿ ನಾಣ್ಯಗಳ ಮೇಲೆ ಹೆಚ್ಚುಕಡಿಮೆ ಒಂದೇ ಚಿತ್ರ: ರಾಜದಂಡ, ರೆಂಬೆ ಹಿಡಿದು ಕೂತ ಹೆಂಗಸು. ತಾಯಿ ಲಿವಿಯಾ ಇರಬೇಕು ಎನ್ನುವವರೇ ಹೆಚ್ಚು.

ದಕ್ಷಿಣ ಭಾರತದ ನೆಲದಲ್ಲಿ ಅತಿ ಹೆಚ್ಚು ಸಿಕ್ಕಿರುವ ರೋಮನ್ ಬೆಳ್ಳಿ ನಾಣ್ಯಗಳು ಈ ಎರಡೇ ಬಗೆಯವು. ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ 163 ನಾಣ್ಯಗಳ ಗಂಟಿನಲ್ಲೂ ಅಗಸ್ಟಸ್, ಟೈಬೀರಿಯಸ್ ಇದ್ದಾರೆ. ಮೆಣಸು ಕೊಳ್ಳಲು ಬಂದವರು ತಂದ ಹಣ. ಇಲ್ಲಿಯವರಿಗೆ ಬೇಕಿದ್ದದ್ದು ಮುಖವಲ್ಲ, ಬೆಳ್ಳಿ. ಕ್ರಿ.ಶ. 64ರಲ್ಲಿ ನೀರೋ ನಾಣ್ಯದ ತೂಕವನ್ನೂ ಬೆಳ್ಳಿಯ ಪ್ರಮಾಣವನ್ನೂ ಇಳಿಸಿದ. ಆಮೇಲಿನವು ಇಲ್ಲಿ ಕಡಿಮೆ. 1940ರ ಅರೆಬೆಳ್ಳಿ ರೂಪಾಯಿ ಬಂದಾಗ ಅದನ್ನು ಸಂತೆಗೆ ಕೊಟ್ಟು, ವಿಕ್ಟೋರಿಯಾ ರಾಣಿ ರೂಪಾಯಿಯನ್ನು ಸೆರಗಿನಲ್ಲಿ ಗಂಟುಕಟ್ಟಿಕೊಂಡ ಅಜ್ಜಿಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಚಿತ್ರದ ಕೆಳಗಿನ ಸಾಲನ್ನು ಹೀಗೆ ತಿದ್ದಿ ಓದಿಕೊಳ್ಳಿ: ‘ಗಾಯಸ್ ಮತ್ತು ಲೂಸಿಯಸ್, ಅಗಸ್ಟಸ್‌ನ ದತ್ತುಪುತ್ರರು.’
— ಸಂ.